ಒತ್ತದೇ ಉಳಿದ ಗುಂಡಿ

ನನ್ನ ಟೇಪ್‌ರೆಕಾರ್ಡರಿನ ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಬೆರಳಿಗೆ ಸವೆದು ಅಳಿಸಿಹೋಗಿದ್ದರೂ, ಒಂದು ಗುಂಡಿ ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿದೆ. ಅದು ಪಾಜ್ ಗುಂಡಿ, ಎಂದರೆ ಧ್ವನಿಮುದ್ರಣವನ್ನು ನಡುವೆ ತಡೆದು ನಿಲ್ಲಿಸುವುದು. ಅದನ್ನು ಒತ್ತಲು ಬಾರದ ದಡ್ಡ ನಾನೆಂದು ನೀವು ಭಾವಿಸಿದರೆ, ನನ್ನ ಮಿತ್ರ ವಿರೂಪಾಕ್ಷಿಯ ಪಕ್ಷ ಸೇರಿದಿರೆಂದೇ ಅರ್ಥ.

ಶಕ್ತಿನಗರದಲ್ಲಿ ಇಂಜಿನಿಯರಾಗಿದ್ದ ವಿರೂಪಾಕ್ಷಿಯ ಬಳಿ ಎರಡು ಕ್ಯಾಸೆಟ್ ಹಿಡಿಯುವ ಯಂತ್ರವಿತ್ತು. ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ ಕೆಮ್ಮು, ಆಕಳಿಕೆ, ಮೌನ ಇವನ್ನೆಲ್ಲ ಅವನು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ತೆಗೆಯುತ್ತಿದ್ದ. ನನ್ನ ಪದ್ಧತಿಯೋ ಪರಮ ಸರಳ: ಕೆಂಪು ಗುಂಡಿ ಒತ್ತುವುದು, ಕೈಕಟ್ಟಿ ಕೂರುವುದು. ಇದು ಸೋಮಾರಿತನವೆಂದು ಅವನ ವಾದ, ಸಿದ್ಧಾಂತವೆಂದು ನನ್ನದು. ನನ್ನ ಸೋಮಾರಿತನಗಳಿಗೆಲ್ಲ ಸಿದ್ಧಾಂತದ ಅಂಗಿ ತೊಡಿಸುವ ವಿದ್ಯೆ ನನಗೆ ಮೊದಲಿನಿಂದಲೂ ಸಿದ್ಧಿಸಿದೆ.

ಈ ವ್ಯಾಜ್ಯ ಇತ್ಯರ್ಥವಾದದ್ದು ನನ್ನ ತಂಗಿಯ ಮದುವೆಗೆ ಮುಂಚೆ. ಮಾನ್ವಿಯಲ್ಲಿದ್ದ ಅವ್ವನಿಗೂ ದೇವದುರ್ಗದಲ್ಲಿದ್ದ ಅವಳ ಅಕ್ಕ, ನಮ್ಮ ದೊಡ್ಡವ್ವನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಕಾರಣ ಘನವಾದದ್ದೇ: ಯಾವುದೋ ತೊಟ್ಟಿಲು ಕಾರ್ಯದಲ್ಲಿ ಅವ್ವ ಬಡಿದ ರೊಟ್ಟಿಯನ್ನು ದೊಡ್ಡವ್ವ ನಾಲ್ಕು ಮಂದಿಯ ಎದುರು ದಪ್ಪ ಎಂದಿದ್ದಳು. ದೊಡ್ಡವ್ವ ಬಾರದಿದ್ದರೆ ಮದುವೆ ಮದುವೆಯೇ ಅಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಮೊದಲು ಹೊಸ್ತಿಲು ತುಳಿಯಲು ಇಬ್ಬರೂ ತಯಾರಿರಲಿಲ್ಲ. ನಾನು ರಾಯಚೂರಿನಿಂದ ಟೇಪ್‌ರೆಕಾರ್ಡರ್ ಹೊತ್ತು ದೇವದುರ್ಗಕ್ಕೆ ಹೋಗಿ, ದೊಡ್ಡವ್ವನ ಮುಂದಿಟ್ಟು, ಅವ್ವನಿಗೆ ಹೇಳುವುದನ್ನು ಇದಕ್ಕೇ ಹೇಳು ಎಂದೆ. ಅವಳು ಒಂದು ಪ್ರಶ್ನೆ ಕೇಳುವಳು, ಸುಮ್ಮನಾಗುವಳು, ಎಲೆ ಅಡಿಕೆ ಮೆಲ್ಲುವಳು, ಮತ್ತೊಂದು ಕೇಳುವಳು.

ವಿರೂಪಾಕ್ಷಿ ಅದನ್ನು ಕೇಳಿ ತಲೆ ಚಚ್ಚಿಕೊಂಡು, ಶುದ್ಧ ಮಾಡಿಕೊಡುವೆನೆಂದು ಹಟ ಹಿಡಿದ. ಮಾಡಿಕೊಟ್ಟ ಪ್ರತಿಯನ್ನು ತಾನೇ ಮಾನ್ವಿಗೆ ಬಂದು ಅವ್ವನಿಗೆ ಕೇಳಿಸಿದ. "ಮೊಣಕಾಲು ನೋವು ಹ್ಯಾಂಗದ? ಎಣ್ಣಿ ಹಚ್ಚಾಕತ್ತೀ ಇಲ್ಲೋ? ಮದುವಿಗೆ ನಾ ಬರಲೋ ಬ್ಯಾಡೋ?" ಉಸಿರೆತ್ತಲೂ ಬಿಡುವಿಲ್ಲದೆ ವಕೀಲರ ಪಾಟೀಸವಾಲಿನಂತೆ ಪ್ರಶ್ನೆಗಳು ಬಿದ್ದವು. ಅಕ್ಕ ಇನ್ನೂ ಸಿಟ್ಟಿನಲ್ಲೇ ಇದ್ದಾಳೆಂದು ಅವ್ವ ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ಎದ್ದುಹೋದಳು.

ನಾನು ಚೀಲದಲ್ಲಿದ್ದ ಮೂಲ ಕ್ಯಾಸೆಟ್ ತೆಗೆದು ಅಡುಗೆಮನೆಯ ಬಾಗಿಲಲ್ಲೇ ಹಚ್ಚಿದೆ. ಮೊಣಕಾಲು ನೋವು ಹೇಗಿದೆ ಎಂದಿತು ಯಂತ್ರ. ಆಮೇಲೆ ಮೌನ; ಬಳೆಯ ಸದ್ದು. ಒಲೆಯ ಮುಂದಿದ್ದ ಅವ್ವ ಆ ಮೌನಕ್ಕೆ, ಏಳಲಿಕ್ಕೇ ಆಗುತ್ತಿಲ್ಲವೆಂದು ಮೆಲ್ಲಗೆ ಉತ್ತರ ಕೊಟ್ಟಳು. ಎಣ್ಣೆಯ ಮಾತಿಗೂ ಕೊಟ್ಟಳು. ಮದುವೆಯ ಪ್ರಶ್ನೆ ಬಂದಾಗ, "ಬಾ ಯಕ್ಕಾ" ಎಂದಳು. ಅಂದಮೇಲೆ ಅವಳಿಗೆ ಹೊಳೆಯಿತು, ಅಕ್ಕನಿಗೆ ಅದು ಕೇಳುವುದಿಲ್ಲವೆಂದು. ನಾನು ಕ್ಯಾಸೆಟ್ಟನ್ನು ಮಗ್ಗುಲು ಹೊರಳಿಸಿ ಕೆಂಪು ಗುಂಡಿ ಒತ್ತಿದೆ. ಅವ್ವ "ಬಾ ಯಕ್ಕಾ" ಎಂಬ ಅದೇ ಎರಡು ಮಾತು ಹೇಳಿ, ಮುಂದೆ ಏನೂ ಹೇಳಲಾರದೆ ಕುಳಿತಳು. ಟೇಪು ಮುಗಿಯುವವರೆಗೂ ಓಡಿತು. ಇಷ್ಟು ಟೇಪನ್ನು ಹಾಳು ಮಾಡಿದೆಯಲ್ಲೋ ಎಂದು ವಿರೂಪಾಕ್ಷಿ ಗೊಣಗಿದ.

ದೇವದುರ್ಗದಲ್ಲಿ ದೊಡ್ಡವ್ವ ಆ ಎರಡು ಮಾತು ಕೇಳಿದಳು. ಮುಂದೆ ಬರೀ ಸರಸರ ಸದ್ದು. ಇನ್ನೇನಿದೆ ಎಂದು, ಎಂದೂ ಇಲ್ಲದೆ ನನ್ನ ಬೆರಳು ಆ ಹೊಳೆಯುವ ಗುಂಡಿಯ ಕಡೆಗೆ ಸರಿಯಿತು. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದಳು.

"ನಿಂದ್ರಸಬ್ಯಾಡೋ. ಅಕಿ ಇನ್ನಾ ಅಳಾಕತ್ತಾಳ."

ಟೇಪು ಮುಗಿಯುವವರೆಗೆ ಅವಳೂ ಕೂತಿದ್ದು, ಆಮೇಲೆ ಟ್ರಂಕಿನಿಂದ ಸೀರೆ ತೆಗೆದಳು. ಸಂಜೆಯ ಬಸ್ಸಿಗೆ ಇಬ್ಬರೂ ಮಾನ್ವಿಗೆ ಹೊರಟೆವು. ನನ್ನ ಪದ್ಧತಿಯೇ ಸರಿಯೆಂದು ಇಂದಿಗೂ ಎದೆತಟ್ಟಿ ಹೇಳಬಲ್ಲೆ. ಗುಂಡಿಯ ಮೇಲಿನ ಅಕ್ಷರ ಅಳಿಯದಿರುವುದಕ್ಕೆ ಮಾತ್ರ, ನನ್ನ ಸಿದ್ಧಾಂತಕ್ಕಿಂತ ದೊಡ್ಡವ್ವನ ಆ ಹಿಡಿತವೇ ಹೆಚ್ಚು ಕಾರಣ.