ನೋಡಲು ಬಂದವರ ಬಾಯಿಗಳು

ಬಳ್ಳಾರಿಯ ಕೌಲ್ ಬಜಾರಿನ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಕೆಲಸವೆಂದರೆ ಗಂಡಸರ ಮುಖವನ್ನು ಬೆಳ್ಳಗೆ ಮಾಡುವುದು. ಹುಟ್ಟುಹಬ್ಬದ ಶುಭಾಶಯ ಕೋರುವವರು, ಕೋರಿಸಿಕೊಳ್ಳುವವರು, ಅವರ ಹಿಂದೆ ಸಾಲಾಗಿ ನಿಲ್ಲುವವರು, ಎಲ್ಲರ ಫೋಟೋಗಳೂ ಮೊಬೈಲಿಗೆ ಬಂದು ಬೀಳುತ್ತಿದ್ದವು. ಕೆನ್ನೆಯ ಕುಳಿ ತುಂಬಬೇಕು, ಗುಟ್ಕಾ ತಿಂದ ಹಲ್ಲು ತೊಳೆಯಬೇಕು, ಬೋಳಾಗುತ್ತಿರುವ ಹಣೆಗೆ ಕೂದಲು ಹಚ್ಚಬೇಕು. ಸಂಜೆಯ ಹೊತ್ತಿಗೆ ಆ ಹೊಳೆಯುವ ಚರ್ಮಗಳನ್ನು ನೋಡಿ ನೋಡಿ ನನಗೆ ಹೊಟ್ಟೆ ತೊಳಸುತ್ತಿತ್ತು. ಮಷಿನ್ನಿನ ಶಾಯಿಯ ವಾಸನೆಗೆ ಹಾಗಾಗುತ್ತದೆ, ರೂಢಿಯಾಗುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಶಾಯಿಯ ವಾಸನೆ ನನಗೆ ಎಂದೋ ರೂಢಿಯಾಗಿತ್ತು.

ನಾನು ಮಾಡಬೇಕೆಂದುಕೊಂಡಿದ್ದ ಕೆಲಸ ಬೇರೆ. ನನಗೆ ಕಾಮಿಕ್ಸ್ ಬರೆಯಬೇಕಿತ್ತು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ್ದೆ. ಮೊದಲ ವರ್ಷದ ಉಳಿತಾಯದಲ್ಲಿ ಕಂಪ್ಯೂಟರಿಗೆ ಜೋಡಿಸಿ ಬರೆಯುವ ಪೆನ್ನು, ಹಲಗೆ ತರಿಸಿಕೊಂಡಿದ್ದೆ. ಮೊಬೈಲಿನಲ್ಲಿ ನೋಡುತ್ತಿದ್ದ ಎಲ್ಲ ಪಾಠಗಳಲ್ಲೂ ಒಂದೇ ಮಾತು: ಬೇರೆ ಯಾರೂ ಬರೆಯದಂಥ ಒಂದು ವಿಷಯ ಹಿಡಿಯಿರಿ, ಅದಕ್ಕೆ ಹೊಂದುವ ಸಲಕರಣೆ ಹುಡುಕಿಕೊಳ್ಳಿ. ಹೇಳುವವರ ಹಲ್ಲೂ ತೊಳೆದಂತೆಯೇ ಹೊಳೆಯುತ್ತಿತ್ತು.

ಬೇರೆ ಯಾರೂ ಬರೆಯದ್ದನ್ನು ಹುಡುಕಿಕೊಂಡು ಒಂದು ಭಾನುವಾರ ಸಂಗನಕಲ್ಲಿಗೆ ಹೋದೆ. ಅಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದ ಕಾಲದ ಜನರ ಕಥೆ ಬರೆಯುವುದೆಂದು ನಿಶ್ಚಯಿಸಿದೆ. ತಿಂಗಳುಗಟ್ಟಲೆ ಬರೆದ ಮೇಲೆ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನನ್ನ ಶಿಲಾಯುಗದವರೆಲ್ಲ ಜಿಮ್ಮಿನಿಂದ ಈಗಷ್ಟೇ ಹೊರಬಂದವರಂತಿದ್ದರು. ಹೆಂಗಸರಿಗೆ ಹುಬ್ಬು ತಿದ್ದಿಸಿದಂತಿತ್ತು. ನಾನು ಕೈ ನಡುಗಿಸಿ ಗೆರೆ ಎಳೆದರೂ ಆ ಸಾಫ್ಟ್‌ವೇರ್ ಅದನ್ನು ತಾನೇ ನಯ ಮಾಡಿಬಿಡುತ್ತಿತ್ತು. ಆ ಸೌಲಭ್ಯವನ್ನು ಬಂದ್ ಮಾಡಿ ನೋಡಿದೆ. ನಯ ನನ್ನ ಕೈಯಲ್ಲೇ ಕೂತುಬಿಟ್ಟಿತ್ತು. ಫ್ಲೆಕ್ಸಿನ ಮುಖಗಳಿಗೆ ಕಲ್ಲಿನ ಕೊಡಲಿ ಕೊಟ್ಟು ನಿಲ್ಲಿಸಿದ್ದೆ, ಅಷ್ಟೆ. ಎಲ್ಲವನ್ನೂ ಅಳಿಸಿ ಹಾಕಿದೆ.

ಅದೇ ದಿನಗಳಲ್ಲಿ ಸಿರುಗುಪ್ಪದ ಚಿಗವ್ವ, ಅಂದರೆ ಅವ್ವನ ತಂಗಿ, ನನಗೊಂದು ಸಂಬಂಧ ತಂದಳು. ಹುಡುಗನ ಮನೆಯವರು ಕುರುಗೋಡಿನವರು, ಚಿಗವ್ವನ ಗಂಡನ ಕಡೆಯಿಂದ ದೂರದ ನೆಂಟರು. ಸಂಬಂಧ ತಂದವಳು ಅವಳಾದ್ದರಿಂದ ಹುಡುಗಿ ನೋಡುವ ಶಾಸ್ತ್ರವೂ ಅವಳ ಮನೆಯಲ್ಲೇ ಆಗಬೇಕೆಂದಾಯಿತು. ಅಪ್ಪ, ಅವ್ವ, ನಾನು ಬೆಳಿಗ್ಗೆಯೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆವು. ಚಿಗವ್ವನ ಮನೆ ಅಕ್ಕಿ ಗಿರಣಿಯ ಹಿಂದೆ. ಅಂಗಳ ಎಷ್ಟು ಗುಡಿಸಿದರೂ ಹೊಟ್ಟಿನ ಧೂಳು ಮತ್ತೆ ಬಂದು ಕೂರುತ್ತದೆ. ಚಿಗವ್ವನ ಮಗಳು, ಡಿಗ್ರಿ ಓದುವವಳು, ನನ್ನನ್ನು ಕೂರಿಸಿಕೊಂಡು ಕಣ್ಣಿಗೆ ಕಾಡಿಗೆ ಪೆನ್ಸಿಲ್ಲಿನಲ್ಲಿ ತಿದ್ದಿದಳು.

ಹುಡುಗ, ಅವನ ತಾಯಿ, ಸೋದರಮಾವ, ಇನ್ನೂ ಒಂದಿಬ್ಬರು ಬಂದರು. ಮಂಡಕ್ಕಿಯ ವಗ್ಗರಣಿ, ಮಿರ್ಚಿ, ಸಿರಾ ಇದ್ದ ತಟ್ಟೆಗಳನ್ನು ನಾನೇ ಒಯ್ದು ಕೊಟ್ಟೆ. ಕೊಟ್ಟ ಮೇಲೆ ಎದುರಿಗೆ ಕುರ್ಚಿಯಲ್ಲಿ ಕೂರಬೇಕು. ತಲೆ ತಗ್ಗಿಸಿ ಕೂರು ಎಂದು ಅವ್ವ ಹೇಳಿದ್ದಳು. ತಗ್ಗಿಸಿದ ತಲೆಗೆ ಸರಿಯಾಗಿ ಕಾಣುವುದು ಎದುರಿನವರ ತಟ್ಟೆ, ಕೈ ಮತ್ತು ಬಾಯಿ.

ಸೋದರಮಾವ ಮಿರ್ಚಿಯನ್ನು ತೊಟ್ಟಿನವರೆಗೂ ಒಂದೇ ಸಲಕ್ಕೆ ಬಾಯಿಗೆ ತುರುಕಿ, ತೊಟ್ಟನ್ನು ಎಳೆದು ತಟ್ಟೆಯ ಅಂಚಿಗೆ ಒರೆಸುತ್ತಿದ್ದ. ಎಣ್ಣೆ ಗದ್ದಕ್ಕಿಳಿದು ಅಲ್ಲಿಯೇ ನಿಂತಿತ್ತು. ಬಾಯಿ ತುಂಬಿದ್ದಾಗಲೇ ಅವನಿಗೆ ಮಾತು ಬರುತ್ತಿದ್ದದ್ದು.

"ಹುಡುಗಿ ಏನ್ ಕೆಲಸ ಮಾಡ್ತಾಳ್ರಿ?"

"ಕಂಪ್ಯೂಟರ್‌ದಾಗ ಡಿಸೈನ್ ಮಾಡ್ತಾಳ್ರಿ," ಎಂದರು ಅಪ್ಪ.

"ಮದುವಿ ಆದ ಮ್ಯಾಲ ಅದೆಲ್ಲ ಯಾಕ ಬೇಕು? ಏಳವ್ವ, ಒಂಚೂರು ನಡದು ತೋರ್ಸು."

'ನಡದು' ಎನ್ನುವಾಗ ಒಂದು ಮಂಡಕ್ಕಿ ಹಾರಿ ನನ್ನ ಸೀರೆಯ ನೆರಿಗೆಯ ಮೇಲೆ ಬಿತ್ತು. ಅದು ಅಲ್ಲಿಯೇ ಅಂಟಿಕೊಂಡಿತು. ಅದನ್ನು ಹೊತ್ತುಕೊಂಡೇ ನಾನು ಬಾಗಿಲವರೆಗೆ ನಡೆದು ವಾಪಸು ಬಂದೆ. ಹುಡುಗನ ತಾಯಿ ಸಿರಾ ತಿಂದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿಕೊಂಡು, ಅದೇ ಕೈಯಿಂದ ನನ್ನ ಜಡೆ ಹಿಡಿದು ಮೆಲ್ಲಗೆ ಜಗ್ಗಿದಳು.

"ಸ್ವಂತ ಕೂದಲ ಐತಿ," ಎಂದು ತನ್ನ ತಮ್ಮನಾದ ಆ ಸೋದರಮಾವನಿಗೆ ಹೇಳಿದಳು.

ಹುಡುಗ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಗೆಯಿಂದ ಚೀಪುತ್ತ ಮೊಬೈಲ್ ನೋಡುತ್ತಿದ್ದ. ಆ ಚಿಕ್ ಚಿಕ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವರು ಹೋದ ಮೇಲೆ ತಟ್ಟೆಗಳನ್ನು ಎತ್ತಿದವಳೂ ನಾನೇ. ತಟ್ಟೆಯಲ್ಲಿಯೇ ಕೈ ತೊಳೆದಿದ್ದರು. ಆ ನೀರಿನಲ್ಲಿ ಮಂಡಕ್ಕಿ ಉಬ್ಬಿ ತೇಲುತ್ತಿತ್ತು, ಉಗಿದ ಕರಿಬೇವು, ಅಗಿದು ಬಿಟ್ಟ ತೊಟ್ಟುಗಳು, ಕರಗುತ್ತಿದ್ದ ತುಪ್ಪ. ಬಚ್ಚಲಿಗೆ ಸುರಿಯುವಾಗ ವಾಕರಿಕೆ ಬಂತು. ಹೊರಗೆ ಅವ್ವ, ಚಿಗವ್ವ ಇಬ್ಬರೂ ಸಂಬಂಧ ಕೂಡಿಬಂದಂತೆಯೇ ಎಂದು ಖುಷಿಯಲ್ಲಿ ಮಾತಾಡುತ್ತಿದ್ದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಬರೆಯಲು ಏನಾದರೂ ಬೇಕೇ ಬೇಕು ಎನ್ನಿಸಿತು. ಕೈಗೆ ಸಿಕ್ಕಿದ್ದು ಅವರು ತಂದಿದ್ದ ಪೇಡೆಯ ಡಬ್ಬಿಯ ಮುಚ್ಚಳ ಮತ್ತು ನನ್ನ ಕಣ್ಣಿಗೆ ತಿದ್ದಿದ್ದ ಕಾಡಿಗೆ ಪೆನ್ಸಿಲ್. ಮುಚ್ಚಳದ ಒಳಮೈ ಮೇಲೆ ಆ ಸೋದರಮಾವನ ಬಾಯಿ ಬರೆದೆ. ಮುಖವಿಲ್ಲ, ಬರೀ ಬಾಯಿ. ಕಾಡಿಗೆ ಮೆತ್ತಗೆ, ಜಿಡ್ಡುಜಿಡ್ಡಾಗಿ ಇಳಿಯುತ್ತಿತ್ತು. ಗೆರೆ ನಯವಾಗಲು ಒಪ್ಪಲಿಲ್ಲ. ಮುಚ್ಚಳದಲ್ಲಿದ್ದ ತುಪ್ಪದ ಕಲೆ ತಾನಾಗಿಯೇ ಗದ್ದದ ಎಣ್ಣೆಯಾಯಿತು.

ತಂಗಿ, ಅದೇ ಚಿಗವ್ವನ ಮಗಳು, ಒಳಗೆ ಬಂದು ಬಗ್ಗಿ ನೋಡಿದಳು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಕ್ಕಾ, ನೋಡಿದ್ರ ವಾಂತಿ ಬರೋ ಹಂಗೈತಿ," ಎಂದಳು.

ನಾನು ಬರೆದದ್ದನ್ನು ನೋಡಿ ಯಾರಾದರೂ ನಿಜವಾದ ಮಾತು ಹೇಳಿದ್ದು ಅದೇ ಮೊದಲು.

ಬಳ್ಳಾರಿಗೆ ಬಂದು ಅದನ್ನೇ ಕಂಪ್ಯೂಟರಿನಲ್ಲಿ ಬರೆದು ನೋಡಿದೆ. ಬಾಯಿ ಒಮ್ಮೆಗೇ ಟೂತ್‌ಪೇಸ್ಟಿನ ಜಾಹೀರಾತಾಯಿತು. ಕಾಡಿಗೆ ಪೆನ್ಸಿಲ್ ತಂದು ಪುಟ ತುಂಬಿಸಹೋದರೆ ಅದು ಸೆಕೆಗೆ ಕರಗಿ ಮುರಿಯುತ್ತಿತ್ತು, ಒಂದು ಪುಟದ ಬಾಯಿ ಇನ್ನೊಂದರ ಬೆನ್ನಿಗೆ ಅಂಟುತ್ತಿತ್ತು. ನಿಬ್ಬಿನ ಪೆನ್ನು, ಬ್ರಶ್ಶಿನ ಪೆನ್ನು, ಇದ್ದಿಲು, ಒಂದೊಂದಾಗಿ ತರಿಸಿದೆ. ಎಲ್ಲದರಲ್ಲೂ ಚಿತ್ರ ಚೆಂದ ಬರುತ್ತಿತ್ತು. ಚೆಂದ ಬಂದದ್ದೆಲ್ಲವನ್ನೂ ಹರಿದು ಹಾಕುತ್ತಿದ್ದೆ.

ನಮ್ಮ ಅಂಗಡಿಯ ಪಕ್ಕದ ಓಣಿಯಲ್ಲಿ ಗಾಜು ಕತ್ತರಿಸಿ ಫೋಟೋಗಳಿಗೆ ಕಟ್ಟು ಹಾಕುವ ಒಬ್ಬ ಚಾಚಾ ಇದ್ದರು. ಯಾವುದೋ ಸನ್ಮಾನದ ಫೋಟೋಗೆ ಕಟ್ಟು ಹಾಕಿಸಲು ಮಾಲೀಕರು ನನ್ನನ್ನು ಅಲ್ಲಿಗೆ ಕಳಿಸಿದರು. ಚಾಚಾ ಗಾಜಿನ ಮೇಲೆ ದಪ್ಪನೆಯ ಕರಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಒಳಗಿರುವುದು ಮೇಣ. ಸವೆದಂತೆ ಮೇಲಿನ ಕಾಗದವನ್ನು ದಾರ ಜಗ್ಗಿ ಸುರುಳಿಯಾಗಿ ಬಿಚ್ಚಿಕೊಳ್ಳಬೇಕು. ನಾನು ಕೇಳಿ ತೆಗೆದುಕೊಂಡು ರಸೀದಿಯ ಹಿಂದೆ ಒಂದು ಗೆರೆ ಎಳೆದೆ.

"ಕಾಗದದ ಮ್ಯಾಲ ಅದು ಅಳಸಂಗಿಲ್ಲ ಬೇಟಿ," ಎಂದರು.

"ಅಳಸೋದು ಬ್ಯಾಡ ಚಾಚಾ."

ಅಲ್ಲಿಯೇ ಒಂದು ಬಾಯಿ ಬರೆದೆ, ತುಟಿಯ ಮೂಲೆಯಲ್ಲಿ ಕರಿಬೇವು. ಚಾಚಾ ಕನ್ನಡಕ ಮೇಲೆತ್ತಿ ನೋಡಿ ಮುಖ ಸಿಂಡರಿಸಿದರು.

"ತೋಬಾ. ಊಟದ ಹೊತ್ತಿನಾಗ ಇಂಥಾದ್ದು ತೋರಿಸ್ತಾರೇನು?"

ಆದರೂ ಒಂದು ಹೊಸ ಪೆನ್ಸಿಲ್ ಕೊಟ್ಟರು. ಆಫ್‌ಸೆಟ್ ಪ್ರೆಸ್ಸಿನವರು ಎಸೆಯುವ ಒರಟು ಕಾಗದದ ಮೇಲೆ ಅದು ಇನ್ನೂ ಚೆನ್ನಾಗಿ ಹಿಡಿಯಿತು. ಆ ತಿಂಗಳು ಬಿಡುವಾದಾಗಲೆಲ್ಲ ಕೂತು ಆ ದಿನದ ಕಥೆಯನ್ನು ಪೂರ್ತಿ ಬರೆದೆ: ತಟ್ಟೆ ಬರುವಲ್ಲಿಂದ ಹಿಡಿದು ಬಚ್ಚಲಿಗೆ ಸುರಿಯುವವರೆಗೆ. ಹುಡುಗಿಯ ಮುಖ ಎಲ್ಲಿಯೂ ಇಲ್ಲ. ನೋಡುವ ಕಣ್ಣೇ ಅವಳದು. ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದು 'ನೋಡಾಕ ಬಂದವ್ರು' ಎಂದು ಹೆಸರಿಟ್ಟೆ. ಒಂದು ಪ್ರತಿ ಸಿರುಗುಪ್ಪದ ತಂಗಿಗೆ ಕಳಿಸಿದೆ.

ಇತ್ತ ಕುರುಗೋಡಿನವರು ಹುಡುಗಿ ಒಪ್ಪಿಗೆ ಎಂದು ಹೇಳಿಕಳಿಸಿದ್ದರು. ನನಗೆ ಒಪ್ಪಿಗೆಯಿಲ್ಲ ಎಂದು ನಾನು ಅವ್ವನಿಗೆ ಹೇಳಿದರೆ, ಯಾಕೆ ಎಂದು ಕೇಳುತ್ತಿದ್ದಳು. ಚಿಕ್ ಚಿಕ್ ಎನ್ನುತ್ತಾನೆ ಎಂಬ ಕಾರಣವನ್ನು ಯಾರ ಮುಂದೆ ಹೇಳುವುದು? ಅಷ್ಟರಲ್ಲಿ ತಂಗಿ ಪುಸ್ತಕದ ಪುಟಗಳನ್ನು ಗೆಳತಿಯರಿಗೆ ಮೊಬೈಲಿನಲ್ಲಿ ಕಳಿಸಿದಳು, ಗೆಳತಿಯರು ಅಕ್ಕಂದಿರಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅದು ಕುರುಗೋಡಿನ ಆ ಮನೆಗೇ ಹೋಗಿ ಮುಟ್ಟಿತು. ಸೋದರಮಾವ ಅಪ್ಪನಿಗೆ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಬನ್ನಿ ಎಂದ. ಅಪ್ಪ ನನ್ನನ್ನು ಬಯ್ಯಲಿಲ್ಲ. ಮರುದಿನ ಬಿಳಿ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು, ನಾನು ಹಿಂದೆ ಹೋದೆ.

ಆ ಮನೆ ಕುರುಗೋಡಿನ ಬಂಡೆಗುಡ್ಡದ ಬುಡದಲ್ಲಿತ್ತು. ಪಡಸಾಲೆಯಲ್ಲಿ ಸೋದರಮಾವ ಮೊಬೈಲ್ ಹಿಡಿದು ಕಾಯುತ್ತಿದ್ದ.

"ಇದು ನಾನ ಅಲ್ಲೇನವ್ವ?"

"ಹೌದ್ರಿ," ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಹುಡುಗನ ತಾಯಿ ಮುಂದೆ ಬಂದಳು. ಅವಳ ದುಃಖವೇ ಬೇರೆಯಿತ್ತು.

"ನನ್ನ ಸೀರಿ ಅಂಚು ಎಲ್ಲಿ ಹೋತು? ರೇಷ್ಮಿ ಸೀರಿ ಅದು. ಇದರಾಗ ಗೋಣಿಚೀಲ ಸುತಗೊಂಡಂಗ ಕಾಣ್ತೀನಿ."

ಬೆರಳು ನೆಕ್ಕುವುದನ್ನು ನಾನು ಒಂದು ಇಡೀ ಪುಟದಲ್ಲಿ ಬರೆದಿದ್ದೆ. ಅದರ ಬಗ್ಗೆ ಅವಳು ಮಾತೆತ್ತಲಿಲ್ಲ. ಸೋದರಮಾವ ಮೊಬೈಲನ್ನು ಇನ್ನೊಮ್ಮೆ ನೋಡಿ, ಪಕ್ಕದ ಡಬ್ಬಿಗೆ ಕೆಂಪಗೆ ಉಗಿದು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ.

"ತಿನ್ನೋ ಮನಷ್ಯಾರು ಹಿಂಗ ಕಾಣ್ತಾರವ್ವ. ನೀ ತಿನ್ನಂಗಿಲ್ಲೇನು?"

"ತಿಂತೀನ್ರಿ."

"ಮತ್ತ ಇದರಾಗ ನಿನ್ನ ಬಾಯಿ ಎಲ್ಲೈತಿ?"

ಸಂಬಂಧ ಮುಗಿಯಿತು ಎಂದು ಅವನೇ ಹೇಳಿದ. ಆದರೆ ಮನೆಗೆ ಬಂದವರನ್ನು ಹಾಗೇ ಕಳಿಸುವುದು ಅವರಿಗೂ ಆಗದು. ತಾಯಿ ಒಳಗೆ ಹೋಗಿ ತಟ್ಟೆಗಳನ್ನು ತಂದಳು. ಅವೇ ವಗ್ಗರಣಿ, ಮಿರ್ಚಿ. ನಾನು ತಟ್ಟೆ ಮುಟ್ಟಲಿಲ್ಲ. ಅಪ್ಪ ತಿಂದರು. ಬಡಬಡ ತಿಂದರು. ಆದ ಅವಮಾನವನ್ನೆಲ್ಲ ತಿಂದೇ ಮುಗಿಸುವವರಂತೆ ಬಗ್ಗಿಕೊಂಡು ತಿಂದರು. ಮೀಸೆಗೆ ಮಂಡಕ್ಕಿ ಅಂಟಿತ್ತು, ಕೈಯ ಎಣ್ಣೆ ಮಣಿಕಟ್ಟಿಗೆ ಇಳಿದು ಬಿಳಿ ತೋಳಿಗೆ ಹತ್ತುತ್ತಿತ್ತು.

"ಭಾಳ ಚಲೋ ಆಗೇದ್ರಿ," ಎಂದರು ಅಪ್ಪ, ಬಾಯಿ ತುಂಬ ಇಟ್ಟುಕೊಂಡೇ. "ಇನ್ನೊಂದ್ ಮಿರ್ಚಿ ಹಾಕ್ರಿ."

ಸೋದರಮಾವನ ಬಾಯಿಗಿಂತ ಆ ಬಾಯಿ ನನಗೆ ಹೆಚ್ಚು ಅಸಹ್ಯವಾಯಿತು. ಅವನದನ್ನು ನೋಡಿದಾಗ ಬರೀ ವಾಕರಿಕೆ ಬಂದಿತ್ತು. ಅಪ್ಪನದನ್ನು ನೋಡುತ್ತ ಅಲ್ಲಿಂದ ಎದ್ದು ಓಡಬೇಕೆನಿಸಿತು, ಜೊತೆಗೆ ಅವರ ಮೀಸೆ ಒರೆಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ತುಟಿ ಎಲ್ಲಿ ಮಡಚಿಕೊಳ್ಳುತ್ತದೆ, ಗಂಟಲಮಣಿ ಹೇಗೆ ಏರಿ ಇಳಿಯುತ್ತದೆ ಎಂದು ನೋಡುತ್ತ ಕೂತೆ.

ಆಮೇಲಿನ ಪುಟಗಳು ನಮ್ಮ ಮನೆಯವು. ಮೊದಲು ಕನ್ನಡಿಯ ಮುಂದೆ ಅನ್ನ ಸಾರು ಕಲಸಿಕೊಂಡು ಕೂತು ನನ್ನ ಬಾಯಿಯನ್ನೇ ಬರೆದೆ. ನಾನು ಬಲಗಡೆಯೊಂದರಲ್ಲೇ ಅಗಿಯುತ್ತೇನೆ, ಎಡ ಕೆನ್ನೆ ಸತ್ತಂತೆ ಜೋತಿರುತ್ತದೆ. ಅವ್ವ ಹಲ್ಲಿಗೆ ಸಿಕ್ಕಿದ ಸೊಪ್ಪನ್ನು ಬಳೆಗೆ ಸಿಕ್ಕಿಸಿದ ಪಿನ್ನಿನಿಂದ ತೆಗೆದು ನೋಡಿ ಮತ್ತೆ ಬಾಯಿಗೇ ಹಾಕಿಕೊಳ್ಳುತ್ತಾಳೆ. ಒಂದು ಅಂತರ್ಜಾಲ ಪತ್ರಿಕೆಯವರು ಪುಟಗಳನ್ನು ನೋಡಿ, ಬಾಯಿಗಳನ್ನು ಸ್ವಲ್ಪ ಮುದ್ದಾಗಿ ಮಾಡಿಕೊಟ್ಟರೆ ಹಾಕುತ್ತೇವೆ ಎಂದರು. ಕಾಮಿಕ್ಸ್ ಎಂದರೆ ಮಕ್ಕಳೂ ನೋಡುತ್ತಾರಲ್ಲ ಎಂದರು. ಅವರಿಗೆ ನಾನು ಮರುಮಾತು ಬರೆಯಲಿಲ್ಲ. ಚಿಗವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಆದರೆ ತಂಗಿಯ ಕೈಯಲ್ಲಿ ಪ್ರತಿಗಳನ್ನು ತರಿಸಿಕೊಳ್ಳುತ್ತಾಳಂತೆ. ಅವಳ ಓಣಿಯ ಹೆಂಗಸರು ಮಧ್ಯಾಹ್ನ ಅವನ್ನು ಹಿಡಿದುಕೊಂಡು ಕೂರುತ್ತಾರಂತೆ.

ಕುರುಗೋಡಿನಲ್ಲಿ ತಿನ್ನುತ್ತಿದ್ದ ಅಪ್ಪನನ್ನೂ ಬರೆದಿದ್ದೆ, ಆ ಪುಟವನ್ನು ಬಚ್ಚಿಡಬೇಕೆಂದಿದ್ದೆ. ಆದರೆ ಮೇಜಿನ ಮೇಲೆ ಪಿನ್ನು ಹೊಡೆಯಲೆಂದು ಜೋಡಿಸಿಟ್ಟ ಜೆರಾಕ್ಸಿನ ನಡುವೆ ಅದೂ ಇತ್ತು. ಅಪ್ಪ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ನಾ ಹಿಂಗ ತಿಂತೀನೇನು?" ಎಂದು ಅವ್ವನನ್ನು ಕೇಳಿದರು.

ಅವ್ವ ರೊಟ್ಟಿ ಬಡಿಯುತ್ತ ತಲೆಯೆತ್ತಿ ಒಮ್ಮೆ ನೋಡಿದಳು. "ಹಿಂಗ ತಿಂತೀರಿ," ಎಂದಳು.

ಅಪ್ಪ ಪುಟವನ್ನು ಇದ್ದಲ್ಲಿಯೇ ಇಟ್ಟರು. ಅಂದಿನಿಂದ ನಾನು ಮನೆಯಲ್ಲಿದ್ದಾಗ ಅವರು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಾರೆ. ಹಿಂದಿನಿಂದ ಕಾಣುವುದು ಅವರ ಕಿವಿಯ ಬುಡ ಮಾತ್ರ. ಅಗಿಯುವಾಗ ಅದು ಮೆಲ್ಲಗೆ ಅಲುಗುತ್ತದೆ. ಬರೆಯಬಾರದು ಎಂದುಕೊಳ್ಳುತ್ತಲೇ ನಾನು ಅದನ್ನು ಮೂರ್ನಾಲ್ಕು ಸಲ ಬರೆದಿದ್ದೇನೆ. ಇನ್ನೂ ಸರಿಯಾಗಿ ಬಂದಿಲ್ಲ.