ಅಂಕಿತ ತಪ್ಪಿದ ಸೋಮವಾರ

ಶ್ರೀರಾಂಪುರದ ನಮ್ಮ ಬೀದಿಯ ಹೆಂಗಸರು ಸೋಮವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ವಚನ ಹಾಡುತ್ತೇವೆ. ಮೊದಲು ಹೇಳಿಕೊಡುವವಳು ನಾನು, ಹಿಂದೆ ಹೇಳುವವರು ಉಳಿದವರು. ಶಿವರಾತ್ರಿಗೆ ಮಠದಲ್ಲಿ ಮುಂದೆ ಕೂತು ಹಾಡುವುದೂ ನಾನೇ. ಅವಳು ಬರುವವರೆಗೆ ಹೀಗೇ ನಡೆದುಬಂದಿತ್ತು.

ಕುವೆಂಪುನಗರದಿಂದ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವಳು. ನನಗಿಂತ ಎಷ್ಟೋ ಚಿಕ್ಕವಳು. ಕಂಠವೋ, ಏನು ಹೇಳಲಿ, ಹಾಳಾದ್ದು ಜೇನು. ಒಂದು ಸಲ ಕೇಳಿದ್ದೇ ತಡ, ಬಳಗದ ಹಿರಿಯಮ್ಮ, "ಈ ಸಲ ಮಠದಲ್ಲಿ ಇವಳ ಕೈಲಿ ಹಾಡಿಸಿದ್ರೆ ಹೆಂಗೆ? ಮುಂದಿನ ಸೋಮವಾರ ಇಬ್ರೂ ಹೇಳಿ, ನೋಡೋಣ" ಅಂದುಬಿಟ್ಟರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆ ವಾರವೆಲ್ಲ ಅವಳ ಮನೆಯ ಕುಕ್ಕರ್ ಕೂಗಿದರೂ ನನಗೆ ರಾಗವಾಗಿಯೇ ಕೇಳುತ್ತಿತ್ತು.

ಸೋಮವಾರ ಮೊದಲು ನಾನು ಶುರುಮಾಡಿದೆ. ಅವಳು ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತು, ಎಲ್ಲರ ಜೊತೆ ನನ್ನ ಹಿಂದೆ ಹೇಳುತ್ತ ಮುಗುಳ್ನಗುತ್ತಿದ್ದಳು. ನನ್ನ ಮೇಲೆಯೇ ನಗುತ್ತಿದ್ದಾಳೆ ಅನ್ನಿಸಿತು. ಎದೆ ಡವಗುಟ್ಟಿತು, ಬಾಯಿ ಒಣಗಿತು. ಚಿಕ್ಕಂದಿನಿಂದ ಹೇಳಿದ ವಚನ, ಕೊನೆಗೆ ಬಂದಾಗ ಅಂಕಿತವೇ ಹೊಳೆಯಲಿಲ್ಲ. ಬರೆದವರು ಕೊನೆಯಲ್ಲಿ ಕರೆಯುವ ದೇವರ ಹೆಸರು ಅದು, ಅವರ ರುಜು ಇದ್ದಹಾಗೆ. ನನ್ನ ಬಾಯಿಗೆ ಬಂದದ್ದು ಬೇರೆ ಶರಣರ ಅಂಕಿತ. ನಮ್ಮಲ್ಲಿ ಮಕ್ಕಳೂ ಮಾಡದ ತಪ್ಪು.

ತಕ್ಷಣ ಅವಳು ಅದೇ ತಪ್ಪು ಅಂಕಿತವನ್ನು ನನಗಿಂತ ಜೋರಾಗಿ ಹಾಡಿದಳು.

ಹಿರಿಯಮ್ಮನಿಗೆ ಕಿವಿ ಸ್ವಲ್ಪ ಮಂದ. "ಯಾರಮ್ಮ ಅದು, ಅಂಕಿತ ತಪ್ಪು ಹೇಳಿದ್ದು?" ಎಂದರು.

"ನಾನೇ ಅಮ್ಮ. ಅಕ್ಕ ಸರಿಯಾಗೇ ಹೇಳಿದ್ರು, ನಾನು ಕಲಸ್ಬುಟ್ಟೆ."

"ಸರಿ ಬುಡು, ಮಠಕ್ಕೆ ನೀನೇ ಇರು ಕಣೆ" ಎಂದು ಹಿರಿಯಮ್ಮ ನನ್ನ ಕಡೆ ತಿರುಗಿದರು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು.

"ಹೆದರಿಕೆ ಆದ್ರೆ ಮಿದುಳು ಮೊದ್ಲು ಜೀವ ಉಳಿಸ್ಕೊಳ್ಳೋಕೆ ನೋಡುತ್ತಮ್ಮ. ಎದುರಿಗಿರೋದು ಹುಲಿನೋ ಪಕ್ಕದ್ಮನೆಯವ್ರೋ ಅಂತ ವಿಚಾರ್ಸಲ್ಲ. ನೆನಪು, ಯೋಚ್ನೆ ಎಲ್ಲ ಆಮೇಲೆ. ಅವರನ್ನ ಕಂಡು ನಿಂಗೆ ಭಯ ಆಗಿದೆ, ಅಷ್ಟೇ" ಎಂದಳು.

ಸಮಾಧಾನವಾಗಬೇಕಿತ್ತು. ಆದರೆ ಯೋಚಿಸಿದಷ್ಟೂ ಹೊಟ್ಟೆಯುರಿ ಹೆಚ್ಚಾಯಿತು. ಹಾಡುತ್ತ ಹಾಡುತ್ತಲೇ ಆ ಪಕ್ಕದ ಮನೆಯವಳು ನನ್ನ ತಪ್ಪು ಹಿಡಿದಿದ್ದಳು, ಅದನ್ನು ಮುಚ್ಚುವ ಉಪಾಯ ಹುಡುಕಿದ್ದಳು, ಅದೂ ಒಂದು ಸ್ವರ ಅಲುಗದಂತೆ. ಅವಳ ತಲೆ ಅಷ್ಟು ನೆಟ್ಟಗೆ ಕೆಲಸ ಮಾಡಿತ್ತು. ಅಂದರೆ, ನನ್ನನ್ನು ಕಂಡು ಅವಳಿಗೆ ಒಂದಿಷ್ಟೂ ಭಯವಾಗಿರಲಿಲ್ಲ.