ಲೇಖಕರನ್ನು ಕೇಳಿ

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಇನ್ನೊಬ್ಬರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನಿಗೆ ದೇವರು ಸಿಗುವುದಾದರೂ ಹೇಗೆ? ಸಿಗಲಿಲ್ಲ. ಅದನ್ನು ಊರಿಗೆಲ್ಲ ಡಂಗುರ ಸಾರಿಕೊಂಡು ತಿರುಗಿದ್ದೂ ಆಯಿತು. ಅಮ್ಮ ತೀರಿಕೊಂಡ ದಿನ ಅಕ್ಕ ಬೈಬಲ್ ಹಿಡಿದು ಪ್ರಾರ್ಥನೆ ಮಾಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿರಲಾರದೆ, "ಯಾರಿಗೆ ಕೇಳಿಸುತ್ತೆ ಅದು?" ಎಂದುಬಿಟ್ಟೆ. ಅಂದಿನಿಂದ ಅಕ್ಕ ನನ್ನೊಡನೆ ಕಾಲುನೋವು, ಬಿಸಿಲು, ಚಳಿ ಬಿಟ್ಟು ಬೇರೇನೂ ಮಾತಾಡಿಲ್ಲ.

ನಿವೃತ್ತನಾದ ಮೇಲೆ ನನ್ನಂಥವರೇ ಇಬ್ಬರು ಗಂಟುಬಿದ್ದರು. ಒಬ್ಬ ಗಡಿಯಾರ ರಿಪೇರಿಯವನು, ಇನ್ನೊಬ್ಬರು ಗಣಿತದ ಟೀಚರು. ಮೂವರೂ ಬೈಬಲನ್ನು ಓದದೆಯೇ ಬೈದವರು. ಒಮ್ಮೆಯಾದರೂ ಪೂರ್ತಿ ಓದಿ ಬೈಯೋಣ ಎಂದು ಟೀಚರು ಅಂದಾಗ ನಾಚಿಕೆಯಾಯಿತು. ಶನಿವಾರ ಮಧ್ಯಾಹ್ನಗಳಲ್ಲಿ ಗಡಿಯಾರದಂಗಡಿಯ ಒಳಕೋಣೆಯಲ್ಲಿ ಸೇರತೊಡಗಿದೆವು. ನನಗೆ ಒಳಗೊಳಗೇ ಇನ್ನೊಂದು ಆಸೆಯಿತ್ತು. ಓದಿದರೆ ಅಕ್ಕನ ಜೊತೆ ಮತ್ತೆ ಮಾತಿಗೊಂದು ದಾರಿಯಾದೀತು.

ಆದರೆ ಯಾವ ಅನುವಾದ? ರಿಪೇರಿಯವನಿಗೆ ಸಲೀಸಾದ ಹೊಸದು ಇಷ್ಟ. ಟೀಚರಿಗೆ ಅಡಿಟಿಪ್ಪಣಿ ತುಂಬಿದ ಇನ್ನೊಂದೇ ಬೇಕು. ಹಳೆಯದನ್ನೂ ನೋಡದೆ ತೀರ್ಮಾನ ಸಲ್ಲದು ಎಂದು ಹಟ ಹಿಡಿದವನು ನಾನು. ನಾಲ್ಕು ತಿಂಗಳಾದರೂ ಮೊದಲ ಪುಟ ದಾಟಲಿಲ್ಲ. ಲೋಕ ಸೃಷ್ಟಿಯಾಗುವುದಕ್ಕೆ ನಮ್ಮ ಮೂವರ ಒಪ್ಪಿಗೆ ಬಾಕಿಯಿತ್ತು.

ಹಳೆಯದು ಅಕ್ಕನ ಮನೆಯಲ್ಲಿತ್ತು, ಅಮ್ಮ ಓದುತ್ತಿದ್ದ ಪ್ರತಿ. ಹೋಗಿ ಕೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಪುಸ್ತಕವನ್ನು ಅಂಗೈಯಿಂದ ಒರೆಸಿ ಕೊಟ್ಟಳು.

"ಜೋಪಾನ ಕಣೋ. ನಾನು ದಿನಾ ಓದೋದು ಇದನ್ನೇ."

ವಾರವಿಡೀ ಅದರಲ್ಲೇ ಮುಳುಗಿದ್ದೆ. ಶನಿವಾರ ಟೀಚರು ಪುಟ ತಿರುವಿ ತಣ್ಣಗೆ ಕೇಳಿದರು. "ಸಾರ್, ಈ ಕೆಂಪು ಶಾಯಿ ನಿಮ್ಮದೇ ಅಲ್ವಾ?"

ನನ್ನದೇ. ಅಚ್ಚಾದ ಕಾಗದ ಕಂಡರೆ ಪೆನ್ನು ತಾನಾಗಿ ಓಡುವ ಚಟ ನನ್ನದು. ಒಪ್ಪಿಗೆಯಾಗದ ಜಾಗ ಸಿಕ್ಕಾಗ ಅಚ್ಚುಕೂಟದ ರೂಢಿಯಂತೆ ಅಂಚಿನಲ್ಲಿ ಬರೆದುಬಿಟ್ಟಿದ್ದೆ: ಲೇಖಕರನ್ನು ಕೇಳಿ. ಹಸುಗೂಸುಗಳು ಸತ್ತ ಕಡೆ, ಲೇಖಕರನ್ನು ಕೇಳಿ. ತಪ್ಪೇ ಮಾಡದವನ ಮೈತುಂಬ ಹುಣ್ಣೆದ್ದ ಕಡೆ, ಲೇಖಕರನ್ನು ಕೇಳಿ. ಹೀಗೆ ನಲವತ್ತಾರು ಕಡೆ.

"ಅಂಗಡಿಯಿಂದ ಬೇರೆ ತಂದುಕೊಡಿ" ಎಂದ ರಿಪೇರಿಯವನು.

"ಅಮ್ಮ ಓದಿದ್ದು ಯಾವ ಅಂಗಡೀಲಿ ಸಿಗುತ್ತೆ?" ಎಂದೆ.

ಕಳ್ಳನಂತೆ ಹೋಗಿ ಅಕ್ಕನ ಮುಂದಿಟ್ಟೆ. ಇನ್ನು ಬಿಸಿಲು ಚಳಿಯ ಮಾತಿಗೂ ಕುತ್ತು ಬಂತು ಎಂದುಕೊಂಡೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದಳು. ಹುಣ್ಣಿನವನ ಕಥೆಯ ಹತ್ತಿರ ಬೆರಳು ನಿಂತಿತು.

"ನಾನೂ ಇಲ್ಲೇ ಕೇಳಿದ್ದು, ಅಮ್ಮ ನರಳ್ತಾ ಇದ್ದಾಗ" ಎಂದಳು. "ಈಗ್ಲೂ ದಿನಾ ಕೇಳ್ತೀನಿ. ಉತ್ತರ ಇನ್ನೂ ಬಂದಿಲ್ಲ."

ಅವಳಿಗೆ ಅನುಮಾನವೇ ಇಲ್ಲ ಎಂದು ಇಷ್ಟು ವರ್ಷ ನಂಬಿದ್ದೆ, ಯಾವ ಆಧಾರವೂ ಇಲ್ಲದೆ.

ಅಕ್ಕ ಇನ್ನೆರಡು ಹಾಳೆ ತಿರುವಿ, ಕನ್ನಡಕದ ಮೇಲಿಂದ ನೋಡಿದಳು.

"ಇಲ್ಲೊಂದು ಕಡೆ ಬಿಟ್ಟಿದೀಯಲ್ಲೋ. ಎಲ್ಲಿ, ಪೆನ್ನು ಕೊಡು."

ಜೇಬಿನಿಂದ ತೆಗೆದು ಕೊಟ್ಟೆ.